ಗಂಟಲಲ್ಲಿ ಸಿಕ್ಕಿಕೊಂಡಾಗ: ನಾನು ಹೋಗಿ ಬಂದ ಅರ್ಧ ದಿನದ ತರಬೇತಿ

ಮೊದಲು ಅಂಕ ಹೇಳಿಬಿಡುತ್ತೇನೆ. ಐದರಲ್ಲಿ ನಾಲ್ಕು. ಕೈಗೆ ಕೆಲಸ ಕಲಿಸಿದ್ದಕ್ಕೆ ಆ ನಾಲ್ಕೂ ಸಲ್ಲಬೇಕು. ಒಂದು ಅಂಕ ಯಾಕೆ ಕಳೆದೆ ಅನ್ನುವುದು ಸ್ವಲ್ಪ ಉದ್ದದ ಮಾತು. ಅದು ನನ್ನ ಮೊಮ್ಮಗನ ಕಥೆ, ಆಮೇಲೆ ಬರುತ್ತೇನೆ.

ನಾನು ಬಟ್ಟೆ ಹೊಲಿಯುವವಳು. ವಯಸ್ಸು 61. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಹಗಲೆಲ್ಲ ಮಗು ನನ್ನ ಹತ್ತಿರ. ತರಬೇತಿಗೆ ನನ್ನ ಹೆಸರು ಕೊಟ್ಟವಳು ಮಗಳೇ. "ಅಮ್ಮಾ, ಮನೇಲಿ ಅವನ ಜೊತೆ ಇರೋಳು ನೀನು. ನೀನೇ ಮೊದಲು ಕಲಿತುಕೋ" ಎಂದಳು. ಉಸಿರಿನ ಕೊಳವೆಗೆ ಏನಾದರೂ ಸಿಕ್ಕಿಕೊಂಡರೆ ಗುರುತಿಸುವುದು ಹೇಗೆ, ತೆಗೆಯುವುದು ಹೇಗೆ ಎಂದು ಕಲಿಸುವ ನಾಲ್ಕು ಗಂಟೆಯ ತರಗತಿ ಅದು. ನಾವು ಹನ್ನೆರಡು ಜನ ಇದ್ದೆವು. ಕಲಿಸಿದವರು ತುಂಬಾ ವರ್ಷ ತುರ್ತು ವಾರ್ಡಿನಲ್ಲಿ ನರ್ಸ್ ಆಗಿದ್ದ ಒಬ್ಬ ಮೇಡಂ.

ಶುರುವಿನ ಮುಕ್ಕಾಲು ಗಂಟೆ ಪರದೆ ಮೇಲೆ ಚಿತ್ರ ತೋರಿಸುವುದರಲ್ಲೇ ಹೋಯಿತು. ಅದನ್ನು ಅರ್ಧಕ್ಕೆ ಇಳಿಸಬಹುದು. ಆದರೆ ಅದರ ನಡುವೆ ಮೇಡಂ ಹೇಳಿದ ಒಂದು ಮಾತಿಗಾಗಿಯೇ ಹೋಗಿದ್ದು ಸಾರ್ಥಕ ಅನ್ನಿಸಿತು. "ಸದ್ದು ಇದ್ದರೆ ಗಾಳಿ ಇದೆ. ಸದ್ದು ಇಲ್ಲ ಅಂದರೆ ಓಡಿ."

ನಾವೆಲ್ಲ ಇದನ್ನು ತಿರುಗಾಮುರುಗಾ ತಿಳಿದುಕೊಂಡಿರುತ್ತೇವೆ. ಯಾರಾದರೂ ಜೋರಾಗಿ ಕೆಮ್ಮಿದರೆ ಗಾಬರಿ ಬಿದ್ದು ಬೆನ್ನು ಗುದ್ದುತ್ತೇವೆ, ನೀರು ಕುಡಿಸುತ್ತೇವೆ. ಸುಮ್ಮನಾದರೆ "ಸದ್ಯ, ಹೋಯ್ತು" ಎಂದು ಬಿಡುತ್ತೇವೆ. ಜೋರಾಗಿ ಕೆಮ್ಮುತ್ತಿದ್ದಾನೆ, ಅಳುತ್ತಿದ್ದಾನೆ, ಮಾತಾಡುತ್ತಿದ್ದಾನೆ ಅಂದರೆ ದಾರಿ ಪೂರ್ತಿ ಮುಚ್ಚಿಲ್ಲ. ಆಗ ಕೆಮ್ಮೇ ಅತ್ಯಂತ ಒಳ್ಳೆಯ ಮದ್ದು. ಪಕ್ಕದಲ್ಲಿ ನಿಂತು "ಕೆಮ್ಮು, ಇನ್ನೂ ಜೋರಾಗಿ ಕೆಮ್ಮು" ಎಂದು ಹುರಿದುಂಬಿಸಬೇಕು, ಕಣ್ಣು ತೆಗೆಯಬಾರದು. ಕೆಮ್ಮು ಸಣ್ಣದಾಗುತ್ತಾ ಬಂತು, ಉಸಿರು ಎಳೆದಾಗ ಕೀ ಎನ್ನುವ ಸದ್ದು ಬಂತು, ಬಾಯಿ ತೆರೆದರೂ ದನಿಯೇ ಇಲ್ಲ, ತುಟಿ ನೀಲಿಯಾಗುತ್ತಿದೆ, ಕೈ ಎರಡೂ ಗಂಟಲು ಹಿಡಿದಿವೆ ಅಂದರೆ ಆಗ ಕೈ ಹಾಕಬೇಕು. ಮಿದುಳಿಗೆ ಗಾಳಿ ನಿಂತರೆ ನಾಲ್ಕರಿಂದ ಆರು ನಿಮಿಷದಲ್ಲಿ ಹಾನಿ ಶುರುವಾಗುತ್ತದೆ. ಆಂಬುಲೆನ್ಸ್ ಬರುವ ತನಕ ಕಾಯುತ್ತಾ ಕೂರುವ ವಿಷಯವಲ್ಲ ಇದು.

ಆಮೇಲೆ ಗೊಂಬೆಗಳು ಬಂದವು. ಈ ತರಗತಿಯ ಜೀವ ಇರುವುದು ಇಲ್ಲೇ.

ದೊಡ್ಡವರ ಅಳತೆಯ ಅರ್ಧ ದೇಹದ ಗೊಂಬೆ ಮೂರು, ಹಸುಗೂಸಿನ ಗೊಂಬೆ ನಾಲ್ಕು. ಜೊತೆಗೆ ಒಂದು ಅಂಗಿಯಂಥ ಕವಚ. ಅದನ್ನು ಒಬ್ಬರು ತೊಟ್ಟು ನಿಲ್ಲಬೇಕು, ಇನ್ನೊಬ್ಬರು ಹಿಂದಿನಿಂದ ಹೊಟ್ಟೆ ಒತ್ತಬೇಕು. ಸರಿಯಾದ ಜಾಗದಲ್ಲಿ, ಸರಿಯಾದ ಬಲದಲ್ಲಿ ಒತ್ತಿದರೆ ಮುಂದಿನ ಕೊಳವೆಯಿಂದ ಸ್ಪಂಜಿನ ತುಂಡು ಟಪ್ ಎಂದು ಹಾರುತ್ತದೆ. ನಾನು ಮೊದಲ ಸಲ ಒತ್ತಿದಾಗ ಏನೂ ಹಾರಲಿಲ್ಲ. ಎರಡನೇ ಸಲವೂ ಇಲ್ಲ. ಪುಸ್ತಕದಲ್ಲಿ ಓದಿ "ಅಷ್ಟೇ ತಾನೇ" ಎಂದುಕೊಂಡಿದ್ದೆ. ಎಷ್ಟು ಬಲ ಬೇಕು ಅನ್ನುವುದು ಓದಿದರೆ ಗೊತ್ತಾಗುವುದಿಲ್ಲ. ಮೇಡಂ ನನ್ನ ಮುಷ್ಟಿಯನ್ನು ಹಿಡಿದು ಎರಡು ಬೆರಳಿನಷ್ಟು ಕೆಳಗೆ ಸರಿಸಿದರು. ಹೊಕ್ಕುಳಕ್ಕಿಂತ ಸ್ವಲ್ಪ ಮೇಲೆ, ಎದೆಮೂಳೆ ಮುಗಿಯುವ ಜಾಗಕ್ಕಿಂತ ಚೆನ್ನಾಗಿ ಕೆಳಗೆ. ಹೆಬ್ಬೆರಳಿನ ಕಡೆ ಹೊಟ್ಟೆಗೆ ತಾಗಬೇಕು. ಇನ್ನೊಂದು ಕೈಯಿಂದ ಮುಷ್ಟಿ ಹಿಡಿದು ಒಳಕ್ಕೆ ಮತ್ತು ಮೇಲಕ್ಕೆ, ಒಂದೇ ಸಲಕ್ಕೆ ಎಳೆಯಬೇಕು. ಮೂರನೇ ಸಲ ಸ್ಪಂಜು ಹಾರಿ ಎದುರಿನ ಗೋಡೆಗೆ ಬಡಿಯಿತು. ನನ್ನ ಕಣ್ಣಲ್ಲಿ ನೀರು ಬಂತು.

ಕ್ರಮ ಹೀಗಿದೆ. ಮೊದಲು ಐದು ಬೆನ್ನಿನ ಏಟು. ಪಕ್ಕದಲ್ಲಿ ಸ್ವಲ್ಪ ಹಿಂದೆ ನಿಂತು, ಒಂದು ಕೈಯಲ್ಲಿ ಎದೆಗೆ ಆಸರೆ ಕೊಟ್ಟು, ಅವರನ್ನು ಚೆನ್ನಾಗಿ ಮುಂದಕ್ಕೆ ಬಾಗಿಸಿ, ಅಂಗೈಯ ಬುಡದಿಂದ ಎರಡು ಹೆಗಲ ಮೂಳೆಗಳ ನಡುವೆ ಹೊಡೆಯಬೇಕು. ಬಾಗಿಸುವುದನ್ನು ಮರೆಯಬಾರದು. ಬಾಗಿದ್ದರೆ ಸಡಿಲವಾದದ್ದು ಬಾಯಿಯ ಕಡೆ ಬರುತ್ತದೆ. ಬರಲಿಲ್ಲವೇ, ಐದು ಸಲ ಹೊಟ್ಟೆ ಒತ್ತಬೇಕು. ಮತ್ತೆ ಐದು ಏಟು, ಮತ್ತೆ ಐದು ಒತ್ತು. ಹೊರಗೆ ಬರುವ ತನಕ, ಇಲ್ಲವೇ ಅವರು ಪ್ರಜ್ಞೆ ತಪ್ಪುವ ತನಕ.

ಇಲ್ಲಿ ಒಂದು ದೂರು ಹೇಳಲೇಬೇಕು. ಮೇಡಂ ಕಲಿಸಿದ್ದು ಹೀಗೆ, ಆದರೆ ಕೊನೆಗೆ ಕೈಗೆ ಕೊಟ್ಟ ಕಾರ್ಡಿನಲ್ಲಿ ದೊಡ್ಡವರಿಗೆ ಬರೀ ಹೊಟ್ಟೆ ಒತ್ತುವ ಚಿತ್ರ ಇತ್ತು. ಕೇಳಿದರೆ, ಅದು ಹಳೆಯ ಕಾರ್ಡು ಎಂದರು. ಯುರೋಪಿನಲ್ಲಿ ಬಹಳ ಹಿಂದಿನಿಂದಲೂ ಐದು ಏಟು, ಐದು ಒತ್ತು ಎಂದೇ ಕಲಿಸುತ್ತಾರೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮಾತ್ರ ದೊಡ್ಡವರಿಗೂ ಒಂದು ವರ್ಷ ದಾಟಿದ ಮಕ್ಕಳಿಗೂ ಹೊಟ್ಟೆ ಒತ್ತುವುದನ್ನಷ್ಟೇ ಹೇಳುತ್ತಿತ್ತು. 2025ರಲ್ಲಿ ಅವರೂ ಬೆನ್ನಿನ ಏಟಿನಿಂದಲೇ ಶುರು ಮಾಡಿ ಎಂದು ಸೂಚನೆ ಬದಲಿಸಿದರು. ಹೊಸ ಪಾಠ ಹೇಳಿ ಹಳೆಯ ಕಾರ್ಡು ಕೊಡುವುದು ಸರಿಯಲ್ಲ. ಮನೆಗೆ ಹೋದ ಮೇಲೆ ಗೋಡೆಗೆ ಅಂಟಿಸಿಕೊಳ್ಳುವುದು ಆ ಕಾರ್ಡನ್ನೇ ಅಲ್ವಾ? ನಾನು ನನ್ನ ಕಾರ್ಡಿನ ಮೇಲೆ ಪೆನ್ನಿನಲ್ಲಿ ತಿದ್ದಿಕೊಂಡೆ.

ನನಗೆ ಮೊಣಕಾಲು ನೋವು. ಪುಟ್ಟ ಮಕ್ಕಳಿಗಾದರೆ ಅವರ ಹಿಂದೆ ಮಂಡಿಯೂರಿ ಕೂತು ಒತ್ತಬೇಕು. "ನನ್ನಿಂದ ಆಗುತ್ತಾ ಮೇಡಂ?" ಎಂದು ಕೇಳಿದೆ. ಅವರು ನನ್ನನ್ನು ಒಂದು ಸಣ್ಣ ಸ್ಟೂಲಿನ ಮೇಲೆ ಕೂರಿಸಿ ಮಗುವಿನ ಎತ್ತರ ಸರಿಹೊಂದಿಸಿ ತೋರಿಸಿದರು. ಆಮೇಲೆ ಒಂದು ಸಂಗತಿ ಹೇಳಿದರು. ಈ ಹೊಟ್ಟೆ ಒತ್ತುವ ವಿಧಾನವನ್ನು 1974ರಲ್ಲಿ ಬರೆದು ಪ್ರಕಟಿಸಿದ ಡಾಕ್ಟರ್ ಹೆನ್ರಿ ಹೈಮ್ಲಿಕ್, 2016ರಲ್ಲಿ ತಾನಿದ್ದ ವೃದ್ಧರ ಮನೆಯ ಊಟದ ಮೇಜಿನಲ್ಲಿ ಉಸಿರುಗಟ್ಟಿದ ಹೆಂಗಸೊಬ್ಬರಿಗೆ ತಾನೇ ಎದ್ದು ಹೋಗಿ ಮಾಡಿದರು. ಆಗ ಅವರಿಗೆ 96 ವರ್ಷ. ಆ ಹೆಂಗಸು ಬದುಕಿಕೊಂಡರು. ಅದನ್ನು ಕೇಳಿದ ಮೇಲೆ ನಾನು ಮೊಣಕಾಲಿನ ಮಾತು ಎತ್ತಲಿಲ್ಲ.

ಹಸುಗೂಸಿನ ಗೊಂಬೆಯ ಪಾಠ ಎಲ್ಲರಿಗೂ ಕಷ್ಟವಾಯಿತು, ಮನಸ್ಸಿಗೆ. ಅಷ್ಟು ಚಿಕ್ಕದನ್ನು ಹೊಡೆಯಲು ಕೈ ಬರುವುದಿಲ್ಲ. ಒಂದು ವರ್ಷದ ಒಳಗಿನ ಮಗುವಿಗೆ ಹೊಟ್ಟೆ ಒತ್ತಲೇಬಾರದು. ಅವರ ಈಲಿ (ಯಕೃತ್ತು, ಲಿವರ್) ದೊಡ್ಡದು, ಎದೆಗೂಡಿನಿಂದ ಕೆಳಕ್ಕೆ ಇಳಿದಿರುತ್ತದೆ, ಪೆಟ್ಟಾಗುತ್ತದೆ. ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರುವ ಹಾಗೆ ದವಡೆ ಹಿಡಿದು, ಬೆನ್ನಿಗೆ ಐದು ಏಟು. ಹಾಗೇ ತಿರುಗಿಸಿ ಅಂಗಾತ ಮಾಡಿ, ಎದೆಯ ನಡುವೆ ಒಂದು ಕೈಯ ಅಂಗೈ ಬುಡದಿಂದ ಐದು ಒತ್ತು. ಕಾಲು ಹಿಡಿದು ತಲೆಕೆಳಗೆ ಮಾಡಿ ಅಲ್ಲಾಡಿಸಬಾರದು. ನಮ್ಮ ಗುಂಪಿನಲ್ಲಿ ಒಬ್ಬ ಹೊಸ ಅಪ್ಪ ಇದ್ದರು. ಮೊದಲ ಏಟು ಹೂವು ಮುಟ್ಟಿದ ಹಾಗೆ ಹೊಡೆದರು. ಮೇಡಂ ಬೈಯಲಿಲ್ಲ, ನಗಲಿಲ್ಲ. "ಇದು ಮಗುವಿಗೆ ಉಸಿರು ಕೊಡುವ ಏಟು ಸರ್, ಇನ್ನೊಮ್ಮೆ" ಎಂದರು. ಆರು ಸಲ ಮಾಡಿಸಿದರು. ಹೀಗೆ ಒಬ್ಬೊಬ್ಬರನ್ನೂ ಬಿಡದೆ ತಿದ್ದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ತುಂಬು ಗರ್ಭಿಣಿಗೆ, ಕೈ ಸುತ್ತಲಾಗದಷ್ಟು ದಪ್ಪ ಇರುವವರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಬೇಕು. ಒಬ್ಬರೇ ಇದ್ದಾಗ ಕುರ್ಚಿಯ ಬೆನ್ನಿಗೆ ಹೊಟ್ಟೆ ಕೊಟ್ಟು ತಾವೇ ಒತ್ತಿಕೊಳ್ಳಬಹುದು. ಇವೆರಡನ್ನೂ ಬೇಗ ಮುಗಿಸಿದರು, ಅದು ಸಾಕಿತ್ತು. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ, ತುರ್ತು ನಂಬರಿಗೆ ಕರೆ ಮಾಡಿಸಿ, ಸಿಪಿಆರ್ ಶುರು ಮಾಡಬೇಕು. ಮೂವತ್ತು ಸಲ ಎದೆ ಒತ್ತಿ, ಎರಡು ಉಸಿರು ಕೊಡುವ ಮುಂಚೆ ಪ್ರತಿ ಸಲ ಬಾಯಿ ನೋಡಬೇಕು. ಕಣ್ಣಿಗೆ ಕಂಡರೆ ಮಾತ್ರ ತೆಗೆಯಬೇಕು. ಕಾಣದೆ ಬೆರಳು ಹಾಕಿ ತಡಕಾಡಿದರೆ ಇನ್ನೂ ಒಳಕ್ಕೆ ತಳ್ಳಿದಂತಾಗುತ್ತದೆ. ಈ ಬೆರಳಿನ ವಿಷಯದಲ್ಲಿ ನಾವು ಹನ್ನೆರಡರಲ್ಲಿ ಹತ್ತು ಜನ ತಪ್ಪು ತಿಳಿದಿದ್ದೆವು.

ಒಬ್ಬರು ಆನ್‌ಲೈನಿನಲ್ಲಿ ತರಿಸಿದ ಹೀರುವ ಸಾಧನ ತಂದಿದ್ದರು. ಮುಖಕ್ಕೆ ಕವಚ ಒತ್ತಿ ಹಿಡಿ ಎಳೆದರೆ ಒಳಗಿದ್ದದ್ದು ಹೀರಿಕೊಂಡು ಬರುತ್ತದೆ ಎನ್ನುವುದು ಅದರ ಲೆಕ್ಕ. ಮೇಡಂ ಅದನ್ನು ತೆಗಳಲೂ ಇಲ್ಲ, ಹೊಗಳಲೂ ಇಲ್ಲ. "ಇದು ಯಾವ ಕಪಾಟಿನಲ್ಲಿದೆ ಎಂದು ಹುಡುಕುವ ಹೊತ್ತಿಗೆ ನಿಮ್ಮ ಕೈ ಎರಡು ಸುತ್ತು ಮುಗಿಸಿರುತ್ತದೆ. ಮೊದಲು ಕೈ" ಎಂದರು. ನಾನು ಅದನ್ನು ಕೊಳ್ಳಲಿಲ್ಲ.

ಆದರೆ ಒಂದು ಪುಟ್ಟ ವಸ್ತು ನನಗೆ ತುಂಬಾ ಹಿಡಿಸಿತು. ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಕೊಳವೆ ಕೊಟ್ಟರು. ಅಗಲ 31.7 ಮಿಲಿಮೀಟರ್. ಮೂರು ವರ್ಷದ ಒಳಗಿನ ಮಕ್ಕಳ ಆಟಿಕೆಯಲ್ಲಿ ಯಾವ ತುಂಡೂ ಇದರೊಳಗೆ ಪೂರ್ತಿ ಇಳಿಯಬಾರದು ಎನ್ನುವುದು ಅಮೆರಿಕದ ನಿಯಮ. ಮನೆಗೆ ಬಂದು ಹೊಲಿಗೆ ಡಬ್ಬಿ ಸುರಿದುಕೊಂಡು ಕೂತೆ. ಅಂಗಿಯ ಗುಂಡಿ ಇಳಿಯಿತು. ಕೋಟಿನ ಗುಂಡಿ ಇಳಿಯಿತು. ಬಾಬಿನ್, ಹುಕ್ಕು, ಪ್ರೆಸ್ ಬಟನ್, ಬೆರಳಿಗೆ ಹಾಕುವ ಟೋಪಿ, ಸೀಮೆಸುಣ್ಣದ ತುಂಡು ಎಲ್ಲವೂ ಇಳಿದವು. ಹೊರಗೆ ಉಳಿದದ್ದು ದೊಡ್ಡ ದಾರದ ಉಂಡೆ, ಕತ್ತರಿ, ಅಳತೆ ಟೇಪು. ನನ್ನ ಕೆಲಸದ ಮೂಲೆಯೇ ಮಗುವಿಗೆ ಎಷ್ಟು ಅಪಾಯ ಎಂದು ಅವತ್ತು ಕಣ್ಣಾರೆ ಕಂಡೆ. ಇಳಿಯಲಿಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಎಂದು ಬಿಡಬೇಡಿ. ದುಂಡನೆಯ ಚೆಂಡಿಗೆ ಅಳತೆ ಇನ್ನೂ ದೊಡ್ಡದು, 44.4 ಮಿಲಿಮೀಟರ್ ದಾಟಿರಬೇಕು. ಬಲೂನು ಈ ಕೊಳವೆಯ ಲೆಕ್ಕಕ್ಕೇ ಸಿಗುವುದಿಲ್ಲ. ಒಡೆದ ಬಲೂನಿನ ತುಂಡು ಗಂಟಲಿಗೆ ಹಾಳೆಯ ಹಾಗೆ ಅಂಟಿಕೊಂಡು ದಾರಿ ಮುಚ್ಚಿಬಿಡುತ್ತದೆ.

ಇನ್ನು ಆ ಒಂದು ಅಂಕ.

ತರಗತಿಯಲ್ಲಿ ಸ್ಪಂಜು ಹಾರಿದ ಕೂಡಲೇ ಎಲ್ಲರೂ ಚಪ್ಪಾಳೆ ಹೊಡೆದೆವು. ಪಾಠ ಅಲ್ಲಿಗೆ ಮುಗಿಯಿತು. ಕೊನೆಯ ಚಿತ್ರದಲ್ಲಿ "ವೈದ್ಯರನ್ನು ಕಾಣಿ" ಎಂದು ಒಂದು ಸಾಲು ಇತ್ತು. ಹೊಟ್ಟೆ ಒತ್ತಿದವರಿಗೆ ಒಳಗೆ ಪೆಟ್ಟಾಗಿರಬಹುದು, ಅದಕ್ಕೆ ತೋರಿಸಿ ಎಂದಷ್ಟೇ ಹೇಳಿದರು. ಆದರೆ ಏನೂ ಹಾರದೆ, ಯಾರೂ ಒತ್ತದೆ, ಕೆಮ್ಮು ತಾನಾಗಿಯೇ ನಿಂತುಬಿಟ್ಟರೆ? ಆ ಪ್ರಶ್ನೆ ಬರಲೇ ಇಲ್ಲ. ನಮ್ಮ ಮನೆಯಲ್ಲಿ ಆದದ್ದು ಅದೇ.

ಕಳೆದ ವರ್ಷದ ಮಾತು. ಮಗುವಿಗೆ ಒಂದು ವರ್ಷ ಹತ್ತು ತಿಂಗಳು. ನಾನು ಕಡಲೆಬೀಜ ತಿನ್ನುತ್ತಾ ಕೂತಿದ್ದೆ, ಅವನು ತಟ್ಟೆಗೆ ಕೈ ಹಾಕಿ ಬಾಯಿಗೆ ಇಟ್ಟುಕೊಂಡು ಓಡಿದ. ಎರಡೇ ಹೆಜ್ಜೆ. ಕೆಮ್ಮು ಶುರುವಾಯಿತು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು. ನಾನು "ನೆತ್ತಿಗೆ ಹತ್ತಿತು" ಎಂದುಕೊಂಡು ತಲೆ ತಟ್ಟಿದೆ. ಒಂದು ನಿಮಿಷ ಆಗಿರಬಹುದು, ಕೆಮ್ಮು ನಿಂತಿತು. ಅವನು ಕಾರು ತಳ್ಳಿಕೊಂಡು ಆಡಲು ಹೋದ. ನಾನು ಮಿಷನ್ ಮುಂದೆ ಕೂತೆ. ಸಂಜೆ ಮಗಳಿಗೆ ಹೇಳಲೂ ಇಲ್ಲ. ಹೇಳುವಂಥದ್ದೇನೂ ಆಗಿಲ್ಲ ಎನ್ನಿಸಿತ್ತು.

ಅದು ಗಂಟಲಿನಿಂದ ಹೊಟ್ಟೆಗೆ ಹೋಗಿರಲಿಲ್ಲ. ಉಸಿರಿನ ಕೊಳವೆ ದಾಟಿ ಬಲಗಡೆಯ ಶ್ವಾಸಕೋಶದ ದಾರಿಗೆ ಇಳಿದಿತ್ತು. ಬಲಗಡೆಯ ಕವಲು ಎಡಗಡೆಗಿಂತ ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ ಇರುತ್ತದೆ. ಹಾಗಾಗಿ ಜಾರಿದ್ದು ಅಲ್ಲಿಗೆ ಹೋಗುವುದೇ ಜಾಸ್ತಿ. ಅಲ್ಲಿ ಕೂತ ಮೇಲೆ ಕೆಮ್ಮು ಸ್ವಲ್ಪ ಕಾಲ ಅಡಗುತ್ತದೆ. ಒಳಗಿನ ಪೊರೆ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಕೆಲವು ಗಂಟೆ, ಕೆಲವು ದಿನ, ಕೆಲವರಿಗೆ ವಾರಗಟ್ಟಲೆ ಏನೂ ಗೊತ್ತಾಗುವುದಿಲ್ಲ.

ಮೂರನೇ ದಿನ ಸಣ್ಣ ಕೆಮ್ಮು. ನಾಲ್ಕನೇ ದಿನ ಉಸಿರಾಡುವಾಗ ಸುಯ್ಯೆನ್ನುವ ಸದ್ದು. ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಶೀತ, ಸ್ವಲ್ಪ ಉಬ್ಬಸ ಎಂದು ಸಿರಪ್ಪು ಕೊಟ್ಟರು. ಜ್ವರ ಇದೆಯಾ, ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದೆಯಾ ಎಂದು ಕೇಳಿದರು. ತಿನ್ನುವಾಗ ಏನಾದರೂ ಆಯಿತಾ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ತಲೆಯಲ್ಲಿ ಅದೂ ಇದೂ ಒಂದಕ್ಕೊಂದು ಸೇರಿರಲೇ ಇಲ್ಲ. ಒಂಬತ್ತನೇ ದಿನ ಜ್ವರ ಏರಿತು. ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ಮಕ್ಕಳ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟರು. ಎಡಕ್ಕೆ ಇಟ್ಟು ಕೇಳಿದರು, ಬಲಕ್ಕೆ ಇಟ್ಟು ಕೇಳಿದರು, ಮತ್ತೆ ಎಡಕ್ಕೆ. ಬಲಗಡೆ ಗಾಳಿಯ ಸದ್ದು ಕಡಿಮೆ ಇತ್ತು. ತಲೆ ಎತ್ತಿ ಮಗಳನ್ನಲ್ಲ, ನನ್ನನ್ನು ನೋಡಿ ಕೇಳಿದರು. "ಅಮ್ಮಾ, ಇತ್ತೀಚೆಗೆ ಏನಾದರೂ ತಿನ್ನುವಾಗ ಒಮ್ಮೆಲೇ ಕೆಮ್ಮು ಬಂದು ನಿಂತುಹೋಗಿತ್ತಾ?"

ನನ್ನ ಕೈ ಕಾಲು ತಣ್ಣಗಾದವು.

ಎಕ್ಸ್‌ರೇಯಲ್ಲಿ ಕಡಲೆಬೀಜ ಕಾಣಲಿಲ್ಲ. ಕಾಣುವುದಿಲ್ಲವಂತೆ. ಸೂಜಿ, ಪಿನ್ನು, ನಾಣ್ಯದಂಥ ಲೋಹವಾದರೆ ಕಾಣುತ್ತದೆ. ಕಾಳು, ಬೀಜ, ಪ್ಲಾಸ್ಟಿಕ್ಕಿನದ್ದು ಬಹುಪಾಲು ಕಾಣುವುದಿಲ್ಲ. ಕಂಡದ್ದು ಇಷ್ಟೇ: ಬಲ ಶ್ವಾಸಕೋಶ ಎಡದ್ದಕ್ಕಿಂತ ಉಬ್ಬಿತ್ತು. ಉಸಿರು ಎಳೆದಾಗ ದಾರಿ ಸ್ವಲ್ಪ ಅಗಲವಾಗಿ ಬೀಜದ ಪಕ್ಕದಿಂದ ಗಾಳಿ ಒಳಗೆ ಹೋಗುತ್ತದೆ, ಬಿಡುವಾಗ ದಾರಿ ಕಿರಿದಾಗಿ ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ. ಎಕ್ಸ್‌ರೇ ಪೂರ್ತಿ ಸರಿಯಾಗಿ ಬಂದರೂ ಏನೂ ಇಲ್ಲ ಎಂದು ಹೇಳಲಾಗುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ನಂಬಬೇಕಾದದ್ದು ತಿನ್ನುವಾಗ ಬಂದ ಆ ಒಂದು ಕೆಮ್ಮಿನ ಮಾತನ್ನು.

ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಗಟ್ಟಿ ಕೊಳವೆ ಇಳಿಸಿ ಬ್ರಾಂಕೋಸ್ಕೋಪಿ ಮಾಡಿದರು. ಚಿಕ್ಕ ಬಾಟಲಿಯಲ್ಲಿ ಹಾಕಿ ತೋರಿಸಿದರು. ಅರ್ಧ ಬೇಳೆ, ಜೊತೆಗೆ ಸಿಪ್ಪೆಯ ಚೂರು. ತೇವಕ್ಕೆ ಊದಿಕೊಂಡಿತ್ತು. ಕಡಲೆಬೀಜದ ಎಣ್ಣೆಯಿಂದ ಒಳಗಿನ ಪೊರೆ ಕೆರಳಿ ಬಾತುಕೊಂಡಿತ್ತಂತೆ. ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಈಗ ಓಡಾಡಿಕೊಂಡಿದ್ದಾನೆ.

ಆಮೇಲೆ ನಾನು ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಹೀಗೆ ಕೊಳವೆ ಇಳಿಸಿ ಮೊದಲ ಸಲ ತೆಗೆದವರು ಜರ್ಮನಿಯ ಗುಸ್ತಾವ್ ಕಿಲಿಯನ್, 1897ರಲ್ಲಿ, ಒಬ್ಬ ರೈತನ ಶ್ವಾಸನಾಳದಿಂದ ಒಂದು ಮೂಳೆಯ ಚೂರು. ಅಮೆರಿಕದ ಶೆವಲಿಯರ್ ಜಾಕ್ಸನ್ ಎನ್ನುವ ಡಾಕ್ಟರು ಗಂಟಲು, ಅನ್ನನಾಳ, ಉಸಿರಿನ ದಾರಿಯಿಂದ ಬಂದ 2,374 ವಸ್ತುಗಳನ್ನು ಜೋಪಾನವಾಗಿ ಇಟ್ಟಿದ್ದರು. ಅವು ಈಗ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಮ್ಮಿನ ಡ್ರಾಯರುಗಳಲ್ಲಿವೆ. ಅದರಲ್ಲಿ ಗುಂಡಿಗಳಿವೆ, ಪಿನ್ನುಗಳಿವೆ. ಫೋಟೋ ನೋಡುತ್ತಾ ನನ್ನದೇ ಡಬ್ಬಿ ನೋಡಿದ ಹಾಗಾಯಿತು. ಮೂವತ್ತೈದು ವರ್ಷ ನಾನು ಬಟ್ಟೆಗೆ ಗುರುತು ಹಾಕುವಾಗ ಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಂಡೇ ಕೆಲಸ ಮಾಡಿದವಳು. ನಕ್ಕರೂ, ಸೀನಿದರೂ ಒಳಗೆ ಹೋಗಬಹುದಿತ್ತು. ಈಗ ಮಣಿಕಟ್ಟಿಗೆ ಕಟ್ಟುವ ಪಿನ್ ದಿಂಬು ಇದೆ. ಗುಂಡಿಗಳೆಲ್ಲ ಮುಚ್ಚಳ ತಿರುಗಿಸುವ ಡಬ್ಬಿ ಸೇರಿ ಮೇಲಿನ ಕಪಾಟಿಗೆ ಹೋಗಿವೆ. ಐದು ವರ್ಷ ತುಂಬುವ ತನಕ ಅವನಿಗೆ ಇಡೀ ಬೀಜ ಕೊಡುವುದಿಲ್ಲ. ಹಿಂದಿನ ಹಲ್ಲು ಬಂದಿದ್ದರೂ ಅರೆದು ತಿನ್ನುವ ಅಭ್ಯಾಸ ಮಕ್ಕಳಿಗೆ ನಿಧಾನವಾಗಿ ಬರುತ್ತದೆ. ದ್ರಾಕ್ಷಿಯಾದರೆ ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡುತ್ತೇನೆ, ಅಡ್ಡಕ್ಕೆ ಕತ್ತರಿಸಿದರೆ ಅದು ಮತ್ತೆ ದುಂಡಗೇ ಉಳಿಯುತ್ತದೆ. ಕೂತು ತಿನ್ನಬೇಕು, ಓಡಬಾರದು. ಇದರಲ್ಲಿ ನಾನು ಬಲು ಕಟ್ಟುನಿಟ್ಟು.

ತರಬೇತಿ ನಡೆಸುವವರಿಗೆ ಇದನ್ನೆಲ್ಲ ಅರ್ಧ ಪುಟ ಬರೆದು ಕಳಿಸಿದೆ. ನಾಲ್ಕು ಗಂಟೆಯಲ್ಲಿ ಹತ್ತು ನಿಮಿಷ ಇದಕ್ಕೆ ಕೊಡಿ ಎಂದು ಕೇಳಿದೆ. ಕೆಮ್ಮಿ ನಿಂತ ಮೇಲೆ ಏನು ಹೊರಗೆ ಬಂತು ಎಂದು ಹುಡುಕಿ, ಬಾಯಿಗೆ ಹೋದದ್ದು ಕೈಗೆ ಸಿಗದಿದ್ದರೆ ಮಗು ಆರಾಮಾಗಿ ಕಂಡರೂ ಅವತ್ತೇ ಡಾಕ್ಟರಿಗೆ ತೋರಿಸಿ, ಅವರು ಕೇಳದಿದ್ದರೂ ತಿನ್ನುವಾಗ ಕೆಮ್ಮು ಬಂದಿತ್ತು ಎಂದು ನೀವೇ ಮೊದಲು ಹೇಳಿ ಎನ್ನುವ ಮೂರು ಮಾತು ಸೇರಿಸಿ ಎಂದೆ. ಮೇಡಂ ಫೋನ್ ಮಾಡಿದರು. ಮುಂದಿನ ತರಗತಿಗೆ ಬಂದು ನೀವೇ ಹೇಳಿ ಎಂದರು. ಒಪ್ಪಿಕೊಂಡಿದ್ದೇನೆ. ಕಾರ್ಡು ಕೂಡ ಹೊಸದು ಮುದ್ರಿಸುತ್ತಾರಂತೆ.

ಹೋಗುವವರಿಗೆ ಎರಡು ಮಾತು. ಸಡಿಲ ಬಟ್ಟೆ ಹಾಕಿಕೊಂಡು ಹೋಗಿ, ಉಗುರು ಕತ್ತರಿಸಿಕೊಳ್ಳಿ, ಉಂಗುರ ಬಿಚ್ಚಿಡಿ. ನೆಲ ಗಟ್ಟಿ, ಮೊಣಕಾಲಿಗೆ ಹಾಸಲು ದಪ್ಪ ಟವೆಲ್ ಇರಲಿ. ಕವಚ ಒಂದೇ ಇರುವುದರಿಂದ ಸರದಿ ನಿಧಾನ. ಸ್ಪಂಜು ಒಂದು ಸಲ ಹಾರಿದ ಕೂಡಲೇ ಬಿಟ್ಟುಕೊಡಬೇಡಿ, ಇನ್ನೆರಡು ಸಲ ಕೇಳಿ ಮಾಡಿ. ಮೂರನೇ ತಿಂಗಳಿಗೆ ಕೈ ಮರೆಯುತ್ತದೆ. ನಾನು ಮನೆಯಲ್ಲಿ ದಿಂಬಿನ ಮೇಲೆ ಭಾನುವಾರ ಭಾನುವಾರ ಅಭ್ಯಾಸ ಮಾಡುತ್ತಿದ್ದೇನೆ, ಅಳಿಯ ಎಣಿಸುತ್ತಾರೆ.